ಮನೆಯನ್ನು ಬಿ ಅಂಡ್ ಬಿ ಮಾಡುವ ಮುನ್ನ: ಕ್ಯಾಲಿಫೋರ್ನಿಯಾ ಓದುಗರ ಪ್ರಶ್ನೆಗಳು

ದೊಡ್ಡದೊಂದು ಹಳೇ ಮನೆ ಕೊಂಡು, ನಾಲ್ಕಾರು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟು, ಬೆಳಗಿನ ತಿಂಡಿಯನ್ನೂ ಕೊಡುವ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ (ಬಿ ಅಂಡ್ ಬಿ) ನಡೆಸುವ ಬಗ್ಗೆ ಕ್ಯಾಲಿಫೋರ್ನಿಯಾದ ಓದುಗರು ಕೇಳಿದ ಪ್ರಶ್ನೆಗಳು ಈ ಸಲದ ಅಂಕಣಕ್ಕೆ. ಯಾವ ಜಾಗದಲ್ಲಿ ಏನು ನಡೆಸಬಹುದೆಂದು ಹೇಳುವ ಝೋನಿಂಗ್ ನಿಯಮ ಊರಿಂದೂರಿಗೆ, ಕೌಂಟಿಯಿಂದ ಕೌಂಟಿಗೆ ಬೇರೆ. ರಾಜ್ಯದ ಕಾನೂನು ಬಹುಮಟ್ಟಿಗೆ ಎಲ್ಲರಿಗೂ ಒಂದೇ.

ಪ್ರಶ್ನೆ: ರೆಸಿಡೆನ್ಶಿಯಲ್ ಝೋನ್‌ನಲ್ಲಿರುವ ಮನೆಯೊಂದರ ಮಾತುಕತೆ ನಡೆದಿದೆ. ‘ಬಿ ಅಂಡ್ ಬಿಗೆ ಪರ್ಮಿಟ್ ಸಿಗುತ್ತೆ, ಸಿಗದಿದ್ರೆ ವೇರಿಯನ್ಸ್ ತಗೊಂಡ್ರಾಯ್ತು’ ಅಂತ ಏಜೆಂಟ್ ಹೇಳ್ತಾರೆ. ನಂಬಿ ಮುಂದುವರಿಯಬಹುದೇ?

ವೇರಿಯನ್ಸ್ (ನಿಯಮದಿಂದ ಕೊಡುವ ಸಡಿಲಿಕೆ) ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ವೇರಿಯನ್ಸ್ ಇರುವುದು ಅಳತೆಗಳಿಗೆ: ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) ಎರಡಡಿ ಕಡಿಮೆ ಬಿತ್ತು, ಸೈಟು ವಕ್ರವಾಗಿದೆ, ಇಳಿಜಾರು ಕಡಿದಾಗಿದೆ, ಇಂಥವಕ್ಕೆ. ಝೋನ್‌ನಲ್ಲೇ ಇಲ್ಲದ ಉಪಯೋಗಕ್ಕೆ ವೇರಿಯನ್ಸ್ ಕೊಡುವಂತಿಲ್ಲ ಎಂದು ರಾಜ್ಯದ ಗವರ್ನ್‌ಮೆಂಟ್ ಕೋಡ್‌ನ 65906ನೇ ಕಲಂ ನೇರವಾಗಿ ಹೇಳುತ್ತದೆ. ಹಾಗಾಗಿ ನಿಮ್ಮ ಝೋನ್‌ನಲ್ಲಿ ಬಿ ಅಂಡ್ ಬಿ ಎಂಬ ಉಪಯೋಗ ಇದೆಯೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ, ಮಿಕ್ಕದ್ದೆಲ್ಲ ಆಮೇಲೆ.

ನೋಡುವ ಕ್ರಮ ಹೀಗೆ. ಅಸೆಸರ್ (ಆಸ್ತಿ ತೆರಿಗೆ) ಕಚೇರಿಯ ಪಾರ್ಸೆಲ್ (ನಿವೇಶನ) ನಂಬರು ಹಿಡಿದು ಆ ಜಾಗದ ಝೋನ್ ಯಾವುದು, ಅದರ ಮೇಲೆ ಹೊದಿಸಿದ ‘ಓವರ್‌ಲೇ’ ಏನಾದರೂ ಇದೆಯೇ (ಐತಿಹಾಸಿಕ ವಲಯ, ಪ್ರವಾಹ ಪ್ರದೇಶ, ಕರಾವಳಿ, ಕಾಡ್ಗಿಚ್ಚಿನ ವಲಯ) ಎಂದು ತಿಳಿದುಕೊಳ್ಳಿ. ಆಮೇಲೆ ಝೋನಿಂಗ್ ಕೋಡ್‌ನ ಉಪಯೋಗಗಳ ಕೋಷ್ಟಕ ತೆರೆಯಿರಿ. ಅಲ್ಲಿ ‘ಪಿ’ ಎಂದಿದ್ದರೆ ಸಾಮಾನ್ಯವಾಗಿ ನೇರ ಅನುಮತಿ. ‘ಸಿ’ ಅಥವಾ ‘ಯುಪಿ’ ಎಂದಿದ್ದರೆ ಕಂಡಿಷನಲ್ ಯೂಸ್ ಪರ್ಮಿಟ್ (ಶರತ್ತಿನ ಮೇಲೆ ಕೊಡುವ ಬಳಕೆಯ ಅನುಮತಿ) ಬೇಕು. ಕೋಷ್ಟಕದ ಆ ಚೌಕ ಖಾಲಿಯಿದ್ದರೆ ಅಥವಾ ಅಲ್ಲಿ ಗೀಟು ಇದ್ದರೆ ಇಲ್ಲ ಎಂದೇ ಅರ್ಥ. ಆಗ ಉಳಿಯುವುದು ಝೋನಿಂಗ್ ಕೋಡನ್ನೇ ತಿದ್ದಿಸುವ ದಾರಿ. ಅದು ಸಿಟಿ ಕೌನ್ಸಿಲ್ಲಿನ ಮರ್ಜಿಗೆ ಬಿಟ್ಟದ್ದು, ಅದಕ್ಕೇ ಪ್ರತ್ಯೇಕ ಪರಿಸರ ಪರಿಶೀಲನೆ. ಒಂದು ಮನೆಗಾಗಿ ಆ ಹಾದಿ ಹಿಡಿಯುವುದು ಲಾಭದ ಲೆಕ್ಕವಲ್ಲ.

ಕೋಷ್ಟಕದ ಜೊತೆಗೆ ಪದಗಳ ವ್ಯಾಖ್ಯೆಯ ಅಧ್ಯಾಯವನ್ನೂ ಓದಿ. ಮುಗ್ಗರಿಸುವವರು ಹೆಚ್ಚಾಗಿ ಅಲ್ಲೇ. ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಇನ್’, ‘ಶಾರ್ಟ್ ಟರ್ಮ್ ರೆಂಟಲ್’, ‘ಹೋಟೆಲ್’ ಇವು ಮೂರೂ ಬೇರೆ ಬೇರೆ ಉಪಯೋಗಗಳು. ಒಂದರ ಲೈಸೆನ್ಸ್ ಇನ್ನೊಂದಕ್ಕೆ ನಡೆಯದು. ಬಿ ಅಂಡ್ ಬಿ ಎಂದರೆ ಮಾಲೀಕ ಅಲ್ಲೇ ವಾಸವಿರಬೇಕು, ಕೋಣೆ ಇಷ್ಟಕ್ಕಿಂತ ಹೆಚ್ಚಿರಬಾರದು, ಕೋಣೆಗೊಂದು ಪಾರ್ಕಿಂಗ್ ಬೇಕು ಎಂಬ ಶರತ್ತುಗಳನ್ನು ಅನೇಕ ಊರುಗಳು ವ್ಯಾಖ್ಯೆಯೊಳಗೇ ಸೇರಿಸಿರುತ್ತವೆ.

ಪ್ಲಾನಿಂಗ್ ಕೌಂಟರಿನಲ್ಲಿ ಬಾಯಲ್ಲಿ ಹೇಳಿದ ಮಾತು ಇಲಾಖೆಯನ್ನು ಕಟ್ಟಿಹಾಕುವುದಿಲ್ಲ. ಶುಲ್ಕ ಕಟ್ಟಿ ‘ಝೋನಿಂಗ್ ವೆರಿಫಿಕೇಷನ್’ ಪತ್ರ ತೆಗೆದುಕೊಳ್ಳಿ. ಕ್ರಯದ ಕರಾರಿನಲ್ಲಿ ‘ಯೂಸ್ ಪರ್ಮಿಟ್ ಸಿಕ್ಕರೆ ಮಾತ್ರ’ ಎಂಬ ಶರತ್ತು ಹಾಕಿಸಿ. ಮಾರುವವರು ಒಪ್ಪದಿದ್ದರೆ ಅದರಿಂದಲೇ ನಿಮಗೆ ಒಂದು ವಿಷಯ ತಿಳಿದಂತಾಯಿತು. ಇನ್ನೊಂದು: ಯೂಸ್ ಪರ್ಮಿಟ್ ಮಾಲೀಕನಿಗಲ್ಲ, ಜಾಗಕ್ಕೆ ಅಂಟಿಕೊಂಡದ್ದು. ಹಿಂದೆ ಅಲ್ಲಿ ಬಿ ಅಂಡ್ ಬಿ ನಡೆದಿದ್ದರೆ ಹಳೇ ಪರ್ಮಿಟ್ ಹುಡುಕಿಸಿ. ಆದರೆ ಇಂತಿಷ್ಟು ತಿಂಗಳು ಬಾಗಿಲು ಹಾಕಿದ್ದರೆ ಪರ್ಮಿಟ್ ರದ್ದಾಗುತ್ತದೆ ಎಂಬ ನಿಯಮ ಎಷ್ಟೋ ಕೋಡ್‌ಗಳಲ್ಲಿ ಇದೆ, ಅದನ್ನು ನೋಡದೆ ಹಿಗ್ಗಬೇಡಿ.

ಪ್ರಶ್ನೆ: ನಾಲ್ಕೇ ಕೋಣೆಯ ಬಿ ಅಂಡ್ ಬಿ. ‘ಇದಕ್ಕೆ ಪೂರ್ತಿ ಪರಿಸರ ವರದಿ ಬೇಕು’ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ನಿಜವೇ?

ಬಹುತೇಕ ಬೇಡ. ಆದರೆ ‘ಚಿಕ್ಕದು, ಆದ್ದರಿಂದ ಬೇಡ’ ಎಂಬಷ್ಟು ಸರಳವೂ ಅಲ್ಲ.

ಇಲ್ಲಿ ಅನ್ವಯವಾಗುವುದು 1970ರ ಕ್ಯಾಲಿಫೋರ್ನಿಯಾ ಪರಿಸರ ಗುಣಮಟ್ಟ ಕಾಯ್ದೆ. ಎಲ್ಲರ ಬಾಯಲ್ಲಿ ಅದು ‘ಸೀಕ್ವಾ’. ಅದು ಸರ್ಕಾರಿ ಕಾಮಗಾರಿಗಳಿಗೆ ಮಾತ್ರ ಎಂದು ಮೊದಲು ನಂಬಲಾಗಿತ್ತು. ಮ್ಯಾಮತ್ ಲೇಕ್ಸ್ ಎಂಬಲ್ಲಿನ ಖಾಸಗಿ ಕಟ್ಟಡ ಯೋಜನೆಯೊಂದರ ವಿವಾದದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1972ರಲ್ಲಿ, ಸರ್ಕಾರದ ಪರ್ಮಿಟ್ ಬೇಕಾದ ಖಾಸಗಿ ಯೋಜನೆಗಳಿಗೂ ಇದು ಅನ್ವಯ ಎಂದು ತೀರ್ಪಿತ್ತಿತು. ಅಂದಿನಿಂದ ಕೇಳಬೇಕಾದ್ದು ಒಂದೇ: ಅಧಿಕಾರಿ ಇಲ್ಲಿ ವಿವೇಚನೆ ಬಳಸುತ್ತಾರೋ, ಇಲ್ಲ ಪಟ್ಟಿಗೆ ತಾಳೆ ನೋಡಿ ಮುದ್ರೆ ಒತ್ತುತ್ತಾರೋ? ಬರೀ ಮುದ್ರೆಯಾದರೆ ಸೀಕ್ವಾ ಇಲ್ಲ. ಕಂಡಿಷನಲ್ ಯೂಸ್ ಪರ್ಮಿಟ್ ಎಂದರೆ ವಿವೇಚನೆ, ಅಲ್ಲಿ ಸೀಕ್ವಾ ಬಂದೇ ಬರುತ್ತದೆ.

ಬಂದಮೇಲೆ ಮೊದಲು ನೋಡುವುದು ವಿನಾಯಿತಿಗಳನ್ನು. ಸೀಕ್ವಾ ನಿಯಮಗಳು ವಿನಾಯಿತಿಗಳನ್ನು ವರ್ಗಗಳಾಗಿ ಪಟ್ಟಿಮಾಡಿವೆ; ಬಿ ಅಂಡ್ ಬಿಗಳಿಗೆ ಉಪಯೋಗಕ್ಕೆ ಬರುವುವು ಮೂರು. ಒಂದನೇ ವರ್ಗ, ಇರುವ ಕಟ್ಟಡದ ಬಳಕೆ ಹೆಚ್ಚೇನೂ ಬೆಳೆಯದಿದ್ದಾಗ. ಇಲ್ಲಿ ಸೇರಿಸುವ ಭಾಗ ಸಾಮಾನ್ಯವಾಗಿ ಮೂಲ ವಿಸ್ತೀರ್ಣದ ಶೇ. 50 ಅಥವಾ 2,500 ಚದರಡಿ, ಎರಡರಲ್ಲಿ ಕಡಿಮೆಯದನ್ನು ಮೀರಬಾರದು. ಮೂರನೇ ವರ್ಗ, ಚಿಕ್ಕ ಕಟ್ಟಡವನ್ನು ಹೊರಗಿನಿಂದ ಹೆಚ್ಚು ಬದಲಿಸದೆ ಒಂದು ಉಪಯೋಗದಿಂದ ಇನ್ನೊಂದಕ್ಕೆ ತಿರುಗಿಸುವುದು. ಮೋಟೆಲ್, ರೆಸ್ಟೊರೆಂಟ್ ಮಾದರಿಯ ಕಟ್ಟಡಕ್ಕೆ ಅಲ್ಲಿ ಕೊಟ್ಟ ಮಿತಿ 2,500 ಚದರಡಿ. ನಗರ ಪ್ರದೇಶದಲ್ಲಿ, ಆ ಉಪಯೋಗಕ್ಕೆಂದೇ ಝೋನ್ ಆದ ಜಾಗದಲ್ಲಿ, ನೀರು ಒಳಚರಂಡಿಗಳೆಲ್ಲ ಇದ್ದರೆ 10,000 ಚದರಡಿವರೆಗೆ. ಮೂವತ್ತೊಂದನೇ ವರ್ಗ ಐತಿಹಾಸಿಕ ಕಟ್ಟಡಗಳ ದುರಸ್ತಿಗೆ.

ವಿನಾಯಿತಿಗೂ ಅಪವಾದಗಳಿವೆ: ಸೂಕ್ಷ್ಮ ಜಾಗ, ಒಂದೇ ಬೀದಿಯಲ್ಲಿ ಇಂಥವೇ ಹಲವು ಸೇರಿ ಆಗುವ ಒಟ್ಟು ಪರಿಣಾಮ, ಅಸಾಮಾನ್ಯ ಸನ್ನಿವೇಶ, ಐತಿಹಾಸಿಕ ಕಟ್ಟಡಕ್ಕೆ ಧಕ್ಕೆ, ವಿಷತ್ಯಾಜ್ಯದ ಪಟ್ಟಿಯಲ್ಲಿರುವ ನೆಲ. ಅನೇಕರು ಜಾರಿ ಬೀಳುವ ಜಾಗವೊಂದಿದೆ. ‘ಶಬ್ದ ಆಗುತ್ತೆ, ಆದ್ರೆ ಗೋಡೆ ಕಟ್ಟಿ ತಡೀತೀವಿ’ ಎಂದು ಅರ್ಜಿಯಲ್ಲಿ ಬರೆದಿರೋ, ವಿನಾಯಿತಿ ಕೈತಪ್ಪಬಹುದು. ಪರಿಹಾರ ಕ್ರಮಗಳನ್ನು ಲೆಕ್ಕಕ್ಕೆ ಹಿಡಿದು ವಿನಾಯಿತಿ ಕೊಡುವಂತಿಲ್ಲ ಎಂದು ಮರಿನ್ ಕೌಂಟಿಯ ಪ್ರಕರಣವೊಂದರಲ್ಲಿ 2004ರಲ್ಲೇ ತೀರ್ಮಾನವಾಗಿದೆ. ಶಬ್ದವೇ ಆಗದಂತೆ ಯೋಜನೆಯನ್ನೇ ಹಾಗೆ ರೂಪಿಸಿಕೊಂಡು ಬರೆಯಿರಿ. ರಾತ್ರಿ ಹತ್ತರ ನಂತರ ಹೊರಾಂಗಣ ಬಳಕೆ ಇಲ್ಲ ಎಂಬುದು ಯೋಜನೆಯ ಭಾಗವಾಗಿರಲಿ, ಮದ್ದಿನ ಹಾಗೆ ಕೊನೆಗೆ ಅಂಟಿಸಿದ್ದಾಗದಿರಲಿ.

ವಿನಾಯಿತಿ ಸಿಗದಿದ್ದರೆ ‘ಇನಿಷಿಯಲ್ ಸ್ಟಡಿ’, ಅಂದರೆ ಪ್ರಾಥಮಿಕ ಪರಿಶೀಲನೆ. ಅದರಲ್ಲಿ ಗಂಭೀರ ಪರಿಣಾಮ ಕಾಣದಿದ್ದರೆ ಹಾಗೆಂದು ಘೋಷಿಸುವ ನೆಗೆಟಿವ್ ಡಿಕ್ಲರೇಷನ್. ಅದನ್ನು ಸಾರ್ವಜನಿಕರ ಮುಂದೆ ಕನಿಷ್ಠ 20 ದಿನ, ರಾಜ್ಯದ ಕ್ಲಿಯರಿಂಗ್‌ಹೌಸ್‌ಗೆ (ಇಂಥ ದಾಖಲೆಗಳನ್ನು ರಾಜ್ಯದ ಇಲಾಖೆಗಳಿಗೆ ಹಂಚುವ ಕಚೇರಿ) ಹೋದರೆ 30 ದಿನ ಇಡಬೇಕು. ನಿಮ್ಮ ನೆರೆಯವರು ಹೇಳುವ ಪೂರ್ತಿ ವರದಿ ಅದಕ್ಕೂ ಮೇಲಿನ ಮೆಟ್ಟಿಲು. ವಾಹನ ಸಂಚಾರದ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ: ದಿನಕ್ಕೆ 110ಕ್ಕಿಂತ ಕಡಿಮೆ ಓಡಾಟ ಹುಟ್ಟಿಸುವ ಯೋಜನೆಯ ಪರಿಣಾಮ ಗಣನೀಯವಲ್ಲ ಎಂದು ಹಿಡಿಯಬಹುದು ಎನ್ನುತ್ತದೆ ರಾಜ್ಯದ ಸಲಹಾ ಕೈಪಿಡಿ. ಕೋಣೆಗೆ ಹತ್ತು ಓಡಾಟ ಎಂದು ಧಾರಾಳವಾಗಿ ಹಿಡಿದರೂ ನಿಮ್ಮದು ನಲವತ್ತು.

ಪರ್ಮಿಟ್ ಕೈಸೇರಿದ ದಿನವೇ ‘ನೋಟಿಸ್ ಆಫ್ ಎಕ್ಸೆಂಪ್ಷನ್’ (ವಿನಾಯಿತಿ ಕೊಟ್ಟದ್ದನ್ನು ತಿಳಿಸುವ ಸೂಚನೆ) ಕೌಂಟಿ ಕ್ಲರ್ಕ್ ಬಳಿ ದಾಖಲಾಗುವಂತೆ ನೋಡಿಕೊಳ್ಳಿ. ದಾಖಲಿಸಿದರೆ ಆ ವಿನಾಯಿತಿಯ ವಿರುದ್ಧ ದಾವೆ ಹೂಡಲು ಬೇರೆಯವರಿಗೆ 35 ದಿನ, ದಾಖಲಿಸದಿದ್ದರೆ 180 ದಿನ. ಒಂದು ಪುಟದ ಕಾಗದ ಮರೆತದ್ದಕ್ಕೆ ಐದು ತಿಂಗಳು ಹೆಚ್ಚುವರಿ ಎದೆಬಡಿತ.

ಪ್ರಶ್ನೆ: ಮೊದಲು ಬರೀ ಬಿ ಅಂಡ್ ಬಿ ಎಂದು ಪರ್ಮಿಟ್ ತೆಗೆದುಕೊಂಡು, ಆಮೇಲೆ ಹಿತ್ತಲಲ್ಲಿ ಮದುವೆ, ಸೀಮಂತಗಳಿಗೂ ಜಾಗ ಕೊಡೋಣ ಅಂದುಕೊಂಡಿದ್ದೇವೆ. ಹಂತಹಂತವಾಗಿ ಹೋದರೆ ಸುಲಭ ಅಲ್ಲವೇ?

ಸುಲಭವಾಗಿ ಕಾಣುತ್ತದೆ, ಮುಳುಗಿಸುವುದೂ ಅದೇ. ಮುಂದೆ ಮಾಡುವ ಉದ್ದೇಶ ಈಗಲೇ ಇದ್ದು, ಅದನ್ನು ಬಚ್ಚಿಟ್ಟು ಚೂರುಚೂರಾಗಿ ಅರ್ಜಿ ಹಾಕುವುದನ್ನು ಸೀಕ್ವಾ ಒಪ್ಪುವುದಿಲ್ಲ. ನಿಮ್ಮ ಜಾಹೀರಾತಿನಲ್ಲಿ ‘ಮದುವೆಗೆ ಸುಂದರ ಹಿತ್ತಲು’ ಎಂಬ ಒಂದು ಸಾಲು ಸಿಕ್ಕರೂ ಎದುರುಪಕ್ಷದ ವಕೀಲರಿಗೆ ಸಾಕು.

ಮಲಗುವ ಅತಿಥಿಗಳಿಂದ ಬಿ ಅಂಡ್ ಬಿ ಕೆಟ್ಟದ್ದು ಕಡಿಮೆ, ಕುಣಿಯುವ ಅತಿಥಿಗಳಿಂದಲೇ ಹೆಚ್ಚು. ಸಾಂಟಾ ಕ್ಲಾರಾ ಕೌಂಟಿಯ ಬೆಟ್ಟದ ಆಸ್ತಿಯೊಂದರಲ್ಲಿ ಮದುವೆ ಸಮಾರಂಭಗಳಿಗೆ ಕೊಟ್ಟ ಪರ್ಮಿಟ್ಟನ್ನು ನೆರೆಯವರು ಪ್ರಶ್ನಿಸಿದ್ದರು. ಕೌಂಟಿ ಅಲ್ಲಿ ಶರತ್ತುಸಹಿತ ನೆಗೆಟಿವ್ ಡಿಕ್ಲರೇಷನ್ ಮಾಡಿ ಮುಗಿಸಿತ್ತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ, ಶಬ್ದ ಮತ್ತು ಸಂಚಾರದ ಬಗ್ಗೆ ಪೂರ್ತಿ ವರದಿಯೇ ಬೇಕು ಎಂದಿತು. ಕೌಂಟಿಯ ಡೆಸಿಬೆಲ್ ಮಿತಿಯೊಳಗೆ ಇದ್ದೇವೆ ಎಂದರೆ ಸಾಲದು, ಆ ಜಾಗದ ಸಹಜ ನಿಶ್ಶಬ್ದಕ್ಕೆ ಹೋಲಿಸಿದರೆ ಎಷ್ಟು ಏರಿತು ಎಂಬುದೂ ಮುಖ್ಯ. ಅದಕ್ಕೆ ನೆರೆಯವರು ಕಿವಿಯಾರೆ ಕೇಳಿದ್ದೂ ಸಾಕ್ಷ್ಯವೇ.

ಲೆಕ್ಕ ಹಾಕಿ ನೋಡಿ. ಬಯಲಲ್ಲಿ ದೂರ ಇಮ್ಮಡಿಯಾದಂತೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರಿನಿಂದ 50 ಅಡಿಯಲ್ಲಿ 85 ಇದ್ದರೆ 100 ಅಡಿಗೆ 79, 200ಕ್ಕೆ 73, 400ಕ್ಕೆ 67, 800ಕ್ಕೆ 61. ರಾತ್ರಿ ವಸತಿ ಪ್ರದೇಶಕ್ಕೆ ಕೋಡ್‌ಗಳು ಸಾಮಾನ್ಯವಾಗಿ ಇಡುವ ಮಿತಿ 45ರಿಂದ 55. ಅಂದರೆ ಎರಡು ಫುಟ್‌ಬಾಲ್ ಮೈದಾನ ದಾಟಿದರೂ ಡೋಲು ಕೇಳುತ್ತದೆ. ಕಣಿವೆಯ ಊರಾದರೆ ಎದುರು ಗುಡ್ಡಕ್ಕೆ ಬಡಿದು ಇನ್ನೂ ಚೆನ್ನಾಗಿ ಕೇಳುತ್ತದೆ. ಮರದ ಬೇಲಿ ಇಲ್ಲಿ ಹೆಚ್ಚೇನೂ ಮಾಡದು.

ಸಮಾರಂಭ ಬೇಕೇ ಬೇಕು ಎನ್ನುವವರು ಅದನ್ನು ಈಗಲೇ ಅಂಕಿ ಸಮೇತ ಬರೆಯಿರಿ: ವರ್ಷಕ್ಕೆ ಎಷ್ಟು, ಗರಿಷ್ಠ ಎಷ್ಟು ಜನ, ಎಷ್ಟು ಗಂಟೆಯವರೆಗೆ, ಸ್ಪೀಕರ್ ಒಳಗೋ ಹೊರಗೋ, ಕಾರು ಎಲ್ಲಿ ನಿಲ್ಲುತ್ತವೆ. ಅರ್ಜಿಗೆ ಮೊದಲು ಶಬ್ದತಜ್ಞರಿಂದ ನೆರೆಯ ಗಡಿಯಲ್ಲಿ ರಾತ್ರಿಯ ಅಳತೆ ತೆಗೆಸಿ. ಬೇಡವಾದರೆ ‘ತಂಗಿದ ಅತಿಥಿಗಳ ಹೊರತು ಬೇರೆಯವರಿಗೆ ಸಮಾರಂಭವಿಲ್ಲ’ ಎಂದು ಯೋಜನೆಯ ವಿವರಣೆಯಲ್ಲೇ ಬರೆದುಬಿಡಿ. ನೆರೆಯವರ ಅರ್ಧ ಸಿಟ್ಟು ಆ ಒಂದು ಸಾಲಿಗೆ ಇಳಿಯುತ್ತದೆ.

2023ರ ತಿದ್ದುಪಡಿಯಲ್ಲಿ ನಿವಾಸಿಗಳ ಮತ್ತು ಅವರ ಅತಿಥಿಗಳ ಗಲಾಟೆ ಸೀಕ್ವಾ ಪರಿಣಾಮ ಅಲ್ಲ ಎಂದಾಯಿತಲ್ಲ ಎಂದು ಒಬ್ಬರು ಬರೆದಿದ್ದಾರೆ. ಅದು ವಸತಿ ಯೋಜನೆಗಳಿಗೆ ಮಾತ್ರ. ಬಿ ಅಂಡ್ ಬಿ ವಸತಿಯಲ್ಲ, ವ್ಯಾಪಾರ.

ಪ್ರಶ್ನೆ: ಹಳ್ಳಿಗಾಡಿನ ಮನೆ. ಸ್ವಂತ ಬೋರ್‌ವೆಲ್, ಸೆಪ್ಟಿಕ್ ಟ್ಯಾಂಕ್. ಮೂವತ್ತು ವರ್ಷದಿಂದ ತೊಂದರೆಯಿಲ್ಲದೆ ನಡೆದಿದೆ. ಐದು ಕೋಣೆ ಮಾಡಿದರೆ ತಕರಾರು ಬರುತ್ತದೆಯೇ?

ಬರುತ್ತದೆ, ಮತ್ತು ಬಹುಶಃ ಪ್ಲಾನಿಂಗ್‌ಗಿಂತ ಮೊದಲು ಇಲ್ಲೇ. ಮೂವತ್ತು ವರ್ಷ ನಡೆದದ್ದು ಒಂದು ಕುಟುಂಬಕ್ಕೆ. ಕುಟುಂಬದವರು ದಿನವಿಡೀ ಬಿಡಿಬಿಡಿಯಾಗಿ ನೀರು ಬಳಸುತ್ತಾರೆ. ಅತಿಥಿಗಳು ಹತ್ತು ಜನರೂ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಸ್ನಾನ ಮಾಡುತ್ತಾರೆ. ಅವರು ಹೊರಟ ಕೂಡಲೇ ಹಾಸಿಗೆ ಬಟ್ಟೆ, ಟವೆಲ್ಲುಗಳ ಒಗೆತ. ಹಳೇ ಟಾಪ್‌ಲೋಡ್ ಯಂತ್ರ ಒಂದು ಸಲಕ್ಕೇ 40 ಗ್ಯಾಲನ್ ಕುಡಿಯುತ್ತದೆ. ಹೀಗೆ ಒಮ್ಮೆಲೇ ನುಗ್ಗಿದ ನೀರು ಟ್ಯಾಂಕಿನ ತಳದ ಕೆಸರನ್ನು ಕಲಕಿ, ಗಟ್ಟಿ ಕಣಗಳನ್ನು ಇಂಗುಕಾಲುವೆಗೆ (ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿಗೆ ಇಂಗುವ ಜಾಗ) ತಳ್ಳುತ್ತದೆ. ಮಣ್ಣಿನ ರಂಧ್ರ ಮುಚ್ಚಿ, ಮೊದಲು ಹುಲ್ಲು ಒಂದು ಪಟ್ಟಿಯಲ್ಲಿ ವಿಪರೀತ ಹಸಿರಾಗುತ್ತದೆ, ಆಮೇಲೆ ವಾಸನೆ. ಟ್ಯಾಂಕ್ ಖಾಲಿ ಮಾಡಿಸಿದರೂ ಕೆಟ್ಟ ಇಂಗುಕಾಲುವೆ ಸರಿಹೋಗದು.

ಕೌಂಟಿಯ ಪರಿಸರ ಆರೋಗ್ಯ ವಿಭಾಗಕ್ಕೆ ಹಳೇ ಸೆಪ್ಟಿಕ್ ಪರ್ಮಿಟ್ಟಿನ ಪ್ರತಿ ಕೇಳಿ. ಎಷ್ಟು ಮಲಗುವ ಕೋಣೆಗೆ ಮಂಜೂರಾಗಿತ್ತು ಎಂಬುದು ಅದರಲ್ಲಿರುತ್ತದೆ. ಇಂಗು ಪರೀಕ್ಷೆ, ಬದಲಿ ಇಂಗುಜಾಗ, ಇಂಗುಜಾಗಕ್ಕೂ ಬಾವಿಗೂ ನಡುವೆ 100 ಅಡಿ, ಇವನ್ನು ಕೇಳುತ್ತಾರೆ. ಅಂತರ್ಜಲದ ಎತ್ತರವನ್ನು ಮಳೆಗಾಲದಲ್ಲಷ್ಟೇ (ಕ್ಯಾಲಿಫೋರ್ನಿಯಾದಲ್ಲಿ ಅದು ಚಳಿಗಾಲ) ಅಳೆಯಲು ಬಿಡುವ ಕೌಂಟಿಗಳಿವೆ. ಅಲ್ಲಿ ಏಪ್ರಿಲ್‌ನಲ್ಲಿ ಎಚ್ಚರಾದವರು ಮುಂದಿನ ಚಳಿಗಾಲದವರೆಗೆ ಕಾಯಬೇಕು. ಜಾಗ ಬಿಗಿಯಾಗಿದ್ದರೆ ನೀರನ್ನು ಹಿಡಿದಿಟ್ಟು ದಿನವಿಡೀ ಸಮನಾಗಿ ಬಿಡುವ ಟ್ಯಾಂಕ್ ಹಾಕಿಸಿ, ಒಗೆತವನ್ನು ಹೊರಗೆ ಕಳಿಸಿ, ಸಿಂಕಿನ ತ್ಯಾಜ್ಯ ಅರೆಯುವ ಯಂತ್ರ ತೆಗೆಸಿ.

ಬಾವಿಯ ಕಡೆ ಒಂದು ಗೆರೆ ನೆನಪಿಡಿ: ವರ್ಷದಲ್ಲಿ 60 ದಿನವಾದರೂ ದಿನಕ್ಕೆ 25 ಜನರಿಗೆ ನೀರು ಕೊಟ್ಟರೆ ನಿಮ್ಮ ಬೋರ್‌ವೆಲ್ ಕಾನೂನಿನ ಕಣ್ಣಲ್ಲಿ ‘ಸಾರ್ವಜನಿಕ ನೀರು ವ್ಯವಸ್ಥೆ’. ಮನೆಯವರು, ಕೆಲಸದವರು, ಅತಿಥಿಗಳು, ಸಮಾರಂಭಕ್ಕೆ ಬಂದವರು ಎಲ್ಲರೂ ಲೆಕ್ಕಕ್ಕೆ. ಗೆರೆ ದಾಟಿದರೆ ಪರ್ಮಿಟ್, ನಿಯಮಿತ ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ; ಹೊಸ ವ್ಯವಸ್ಥೆಯಾದರೆ ನೀರಿನ ಕಾಮಗಾರಿ ಶುರುಮಾಡುವ ಆರು ತಿಂಗಳು ಮೊದಲೇ ರಾಜ್ಯದ ಜಲ ಮಂಡಳಿಗೆ ಪ್ರಾಥಮಿಕ ತಾಂತ್ರಿಕ ವರದಿ. ಐದು ಕೋಣೆಗೆ ಹತ್ತು ಅತಿಥಿ, ಮನೆಯವರು ನಾಲ್ಕು, ಕೆಲಸದವರು ಇಬ್ಬರು, ಒಟ್ಟು ಹದಿನಾರು. ನೀವು ಈಚೆಯ ದಡದಲ್ಲೇ ಇದ್ದೀರಿ. ಹಿತ್ತಲ ಮದುವೆಗಳು ಸೇರಿದರೆ ಮತ್ತೆ ಎಣಿಸಿ.

ಪ್ರಶ್ನೆ: ಐದು ಕೋಣೆಯೋ ಆರೋ? ಒಂದು ಹೆಚ್ಚಿದ್ದರೆ ಆದಾಯವೂ ಹೆಚ್ಚು.

ಐದಕ್ಕೆ ನಿಲ್ಲಿಸಿ. ಮಾಲೀಕರು ಅಲ್ಲೇ ವಾಸವಿದ್ದು ಐದು ಅತಿಥಿ ಕೋಣೆ, ಹತ್ತು ಜನರ ಮಿತಿಯಲ್ಲಿದ್ದರೆ ಕಟ್ಟಡ ಸಂಹಿತೆ ಸಾಮಾನ್ಯವಾಗಿ ಅದನ್ನು ಮನೆಗೆ ಹತ್ತಿರದ ಆರ್-3 ಗುಂಪಿನಲ್ಲಿ ಇಡುತ್ತದೆ. ಆರನೆಯದು ಬಂದರೆ ಹೋಟೆಲಿನ ಆರ್-1. ಆಗ ಸ್ಪ್ರಿಂಕ್ಲರ್, ಅಲಾರಂ, ಬೆಂಕಿ ತಡೆಯುವ ಗೋಡೆ, ಹೊರದಾರಿಗಳ ಖರ್ಚು ಆ ಒಂದು ಕೋಣೆಯ ಎಷ್ಟೋ ವರ್ಷದ ಬಾಡಿಗೆಯನ್ನು ನುಂಗುತ್ತದೆ. ಫೆಡರಲ್ ಅಂಗವಿಕಲರ ಕಾಯ್ದೆಯೂ ಮಾಲೀಕರು ವಾಸವಿರುವ, ಬಾಡಿಗೆಗೆ ಐದಕ್ಕಿಂತ ಹೆಚ್ಚು ಕೋಣೆಯಿಲ್ಲದ ಕಟ್ಟಡವನ್ನು ತಂಗುದಾಣದ ಲೆಕ್ಕದಿಂದ ಬಿಟ್ಟಿದೆ. ರಾಜ್ಯದ ಕಟ್ಟಡ ಸಂಹಿತೆಯ ಪ್ರವೇಶ ನಿಯಮಗಳನ್ನು ಮಾತ್ರ ಪ್ರತ್ಯೇಕವಾಗಿ ಕೇಳಿ.

ಅಡುಗೆಮನೆಗೆ ಗೆರೆ ಬೇರೆ. 20 ಅಥವಾ ಅದಕ್ಕಿಂತ ಕಡಿಮೆ ಕೋಣೆ, ತಂಗಿದವರಿಗಷ್ಟೇ ಬೆಳಗಿನ ತಿಂಡಿ, ಅದರ ಬೆಲೆ ಕೋಣೆಯ ದರದಲ್ಲೇ ಸೇರಿರಬೇಕು. ಇಷ್ಟಿದ್ದರೆ ‘ನಿರ್ಬಂಧಿತ ಆಹಾರ ಸೇವೆ’ ಎಂಬ ಹಗುರ ವರ್ಗ. ಸಂಜೆ ಲಘು ತಿಂಡಿ ನಡೆಯುತ್ತದೆ, ದುಡ್ಡು ತೆಗೆದುಕೊಂಡು ರಾತ್ರಿ ಊಟ ನಡೆಯದು.

ಹಿತ್ತಲಲ್ಲಿ ಎಡಿಯು (ಮುಖ್ಯ ಮನೆಯ ಜೊತೆಗಿನ ಚಿಕ್ಕ ಎರಡನೇ ಮನೆ) ಕಟ್ಟಿ ಅದನ್ನೂ ಕೋಣೆಯಾಗಿ ಸೇರಿಸುವ ಉಪಾಯ ಬೇಡ. ಸುಲಭ ದಾರಿಯಲ್ಲಿ ಮಂಜೂರಾದ ಎಡಿಯುಗಳಿಗೆ 30 ದಿನಕ್ಕಿಂತ ಹೆಚ್ಚಿನ ಬಾಡಿಗೆ ಎಂಬ ಶರತ್ತು ಬೆನ್ನಿಗೇ ಬಂದಿರುತ್ತದೆ.

ಪ್ರಶ್ನೆ: 1890ರ ದಶಕದ ವಿಕ್ಟೋರಿಯನ್ ಮನೆ. ಗಾಳಿ ನುಗ್ಗುವ ಮರದ ಕಿಟಕಿ ತೆಗೆದು ವಿನೈಲ್ ಹಾಕಿಸಬಹುದೇ?

ಪರ್ಮಿಟ್ ಅರ್ಜಿಗೆ ಮುಂಚೆ ಒಂದು ಕಿಟಕಿಯನ್ನೂ ಮುಟ್ಟಬೇಡಿ. ಐತಿಹಾಸಿಕ ಕಟ್ಟಡದ ಗುರುತಿನ ಲಕ್ಷಣ ಕೆಟ್ಟರೆ ಅದೇ ಗಣನೀಯ ಪರಿಸರ ಪರಿಣಾಮ, ವಿನಾಯಿತಿ ಹೋಯಿತು. ಫೆಡರಲ್ ಒಳಾಡಳಿತ ಇಲಾಖೆಯ ಸಂರಕ್ಷಣಾ ಮಾನದಂಡಗಳ ಪ್ರಕಾರ ಮಾಡಿದ ದುರಸ್ತಿಗೆ ಮೂವತ್ತೊಂದನೇ ವರ್ಗವಿದೆ. ಮೇಲೆ ಕೆಳಗೆ ಜಾರುವ ಹಳೇ ಚೌಕಟ್ಟನ್ನು ಉಳಿಸಿ, ಹಗ್ಗ ಬದಲಿಸಿ, ಸಂದಿಗೆ ಪಟ್ಟಿ ಕೂರಿಸಿ, ಒಳಗಡೆಯಿಂದ ಇನ್ನೊಂದು ಗಾಜು ಹಾಕಿಸಿ. ಹೊರಮೆಟ್ಟಿಲು ಬೇಕೆಂದರೆ ಹಿಂಗೋಡೆಗೆ. ಮೆಟ್ಟಿಲ ಅಗಲ, ರೇಲಿಂಗಿನ ಎತ್ತರದಂಥ ವಿಷಯಗಳಿಗೆ ರಾಜ್ಯದ ಐತಿಹಾಸಿಕ ಕಟ್ಟಡ ಸಂಹಿತೆ ಬದಲಿ ಪರಿಹಾರಗಳನ್ನು ಒಪ್ಪುತ್ತದೆ. ಅದು ಗೊತ್ತಿರುವ ಆರ್ಕಿಟೆಕ್ಟನ್ನೇ ಹುಡುಕಿ.

ಪ್ರಶ್ನೆ: ಸಮುದ್ರತೀರದ ಊರು. ಹೊಸದಾಗಿ ಏನನ್ನೂ ಕಟ್ಟುವುದಿಲ್ಲ. ಆದರೂ ಕರಾವಳಿ ಪರ್ಮಿಟ್ ಬೇಕೇ?

ಬೇಕಾಗಬಹುದು. 1976ರ ಕರಾವಳಿ ಕಾಯ್ದೆಯಲ್ಲಿ ‘ಅಭಿವೃದ್ಧಿ’ ಎಂದರೆ ಇಟ್ಟಿಗೆ ಸಿಮೆಂಟಷ್ಟೇ ಅಲ್ಲ, ನೆಲದ ಬಳಕೆಯ ತೀವ್ರತೆ ಬದಲಾದರೂ ಅಭಿವೃದ್ಧಿಯೇ. ನಿಮ್ಮ ಯೋಜನೆ ಮೇಲ್ಮನವಿಗೆ ಅವಕಾಶವಿರುವ ಪಟ್ಟಿಯಲ್ಲಿದ್ದರೆ, ಊರಿನವರು ಕೊಟ್ಟ ಪರ್ಮಿಟ್ ಬಗ್ಗೆ ರಾಜ್ಯದ ಕರಾವಳಿ ಆಯೋಗವಾದ ಕೋಸ್ಟಲ್ ಕಮಿಷನ್‌ಗೆ ಹತ್ತು ಕೆಲಸದ ದಿನಗಳೊಳಗೆ ದೂರು ಹೋಗಬಹುದು. ಅಲ್ಲಿಯವರೆಗೆ ಬೋರ್ಡು ಬರೆಸಬೇಡಿ.

ಪ್ರಶ್ನೆ: 2025ರಲ್ಲಿ ಸೀಕ್ವಾ ಸಡಿಲಿಸಿದರಲ್ಲ, ನಮಗೂ ಅನ್ವಯವೇ?

ಇಲ್ಲ. 2025ರ ಜೂನ್ 30ರಂದು ಸಹಿಯಾದ ಆ ವಿನಾಯಿತಿ ನಗರದೊಳಗಿನ ವಸತಿ ಯೋಜನೆಗಳಿಗೆ. ಯೋಜನೆಯ ಯಾವ ಭಾಗವೂ ಹೋಟೆಲ್, ಮೋಟೆಲ್, ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಇನ್ ಆಗಿರಬಾರದು ಎಂದು ಹೆಸರು ಹಿಡಿದೇ ಹೊರಗಿಟ್ಟಿದ್ದಾರೆ.

ಪ್ರಶ್ನೆ: ಪರ್ಮಿಟ್ ಅರ್ಜಿಯ ಹಿಯರಿಂಗ್ (ಸಾರ್ವಜನಿಕ ವಿಚಾರಣೆ) ದಿನಾಂಕ ಬಂದಿದೆ. ಹೇಗೆ ತಯಾರಾಗಲಿ?

ರಾಜ್ಯದ ನಿಯಮದಂತೆ ಹಿಯರಿಂಗ್‌ಗೆ ಕನಿಷ್ಠ 10 ದಿನ ಮೊದಲು, 300 ಅಡಿಯೊಳಗಿನ ಆಸ್ತಿ ಮಾಲೀಕರಿಗೆಲ್ಲ ನೋಟಿಸ್ ಹೋಗುತ್ತದೆ. ಅದು ಅವರ ಕೈಸೇರುವ ಮೊದಲೇ ನೀವೇ ಮನೆಮನೆಗೆ ಹೋಗಿ ನಕ್ಷೆ ತೋರಿಸಿ. ಕಾಗದದಲ್ಲಿ ತಿಳಿದದ್ದಕ್ಕೂ ಬಾಗಿಲಲ್ಲಿ ನಿಂತು ಹೇಳಿದ್ದಕ್ಕೂ ಬಹಳ ವ್ಯತ್ಯಾಸವಿದೆ.

ಪ್ಲಾನಿಂಗ್ ಸಿಬ್ಬಂದಿ ವರದಿಯ ‘ಫೈಂಡಿಂಗ್ಸ್’ (ತೀರ್ಮಾನದ ಕಾರಣಗಳು) ಭಾಗವನ್ನು ಮೂರು ಸಲ ಓದಿ. ಸಾಕ್ಷ್ಯದಿಂದ ತೀರ್ಮಾನಕ್ಕೆ ಹೇಗೆ ಬಂದರೆಂಬ ಕೊಂಡಿ ಅಲ್ಲಿ ಕಾಣದಿದ್ದರೆ, ರಾಜ್ಯದ ಸುಪ್ರೀಂ ಕೋರ್ಟಿನ 1974ರ ಟೊಪಾಂಗಾ ತೀರ್ಪಿನ ಪ್ರಕಾರ ಕೋರ್ಟಿನಲ್ಲಿ ಪರ್ಮಿಟ್ ನಿಲ್ಲುವುದು ಕಷ್ಟ. ‘ನೆರೆಹೊರೆಗೆ ಹೊಂದುತ್ತದೆ’ ಎಂಬ ಬರೀ ಮಾತಿದ್ದರೆ, ಪಾರ್ಕಿಂಗ್ ಎಷ್ಟು, ಪಕ್ಕದ ಮನೆಗೆ ಎಷ್ಟು ಅಡಿ, ದೀಪ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಸೇರಿಸಲು ಪ್ಲಾನರ್ ಅವರನ್ನು ಕೇಳಿಕೊಳ್ಳಿ. ಶರತ್ತುಗಳ ಕರಡನ್ನೂ ಮೊದಲೇ ತರಿಸಿಕೊಳ್ಳಿ. ‘ಮಾಲೀಕರು ಸದಾ ಹಾಜರಿರಬೇಕು’ ಎಂದಿದ್ದರೆ, ನೀವು ಊರಿಗೆ ಹೋದ ಎರಡು ವಾರ ಬಾಗಿಲು ಹಾಕಬೇಕಾಗುತ್ತದೆ; ‘ಮಾಲೀಕರು ಅಥವಾ ವಾಸವಿರುವ ಮ್ಯಾನೇಜರ್’ ಎಂದು ತಿದ್ದಿಸಲು ಹಿಯರಿಂಗ್ ದಿನವೇ ಸರಿಯಾದ ಹೊತ್ತು. ಪರ್ಮಿಟ್ ಮೇಲಿನ ದಾವೆಗೆ ಸಾಮಾನ್ಯ ಗಡುವು 90 ದಿನ. ಸೀಕ್ವಾದ 35 ದಿನ ಮುಗಿಯಿತೆಂದು ಬಡಗಿಯನ್ನು ಕರೆಸುವ ಮುನ್ನ ಇದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.